ಹೆಲ್ಮೆಟ್ಟಿನೊಳಗಿನ ಆಡಿಬಲ್ ಆಲ್ಟಿಮೀಟರ್: ನೆಲದ ಮೇಲೆ ಕಿವಿಗಡಚಿಕ್ಕುವ ಸದ್ದು ಫ್ರೀಫಾಲ್‌ನಲ್ಲಿ ಏಕೆ ಕೇಳಿಸುತ್ತಿಲ್ಲ?

ಮೂಡಿಗೆರೆಯ ಬೆಳೆಗಾರ

ಎಲ್ಲರಿಗೂ ನಮಸ್ಕಾರ. ನಾನು ಮೂಡಿಗೆರೆ ಕಡೆಯ ಕಾಫಿ ಬೆಳೆಗಾರ. ಸ್ಕೈಡೈವಿಂಗ್ ಕಲಿತು ಮೊದಲ ಹಂತದ ‘ಎ’ ಲೈಸೆನ್ಸ್ ಪಡೆದಿದ್ದೇನೆ. ಚಿಕ್ಕಮಗಳೂರಿನಲ್ಲಾಗಲೀ ಹಾಸನದಲ್ಲಾಗಲೀ ಡ್ರಾಪ್ ಝೋನ್ (ಜಿಗಿದು ಇಳಿಯುವ ಮೈದಾನ) ಇಲ್ಲದಿರುವುದರಿಂದ, ಕೊಯ್ಲು ಮುಗಿದು ತೋಟದ ಕೆಲಸ ಸ್ವಲ್ಪ ಹಗುರವಾದಾಗ ಹರಿಯಾಣದ ನಾರ್ನೌಲ್‌ಗೆ ಹೋಗಿ ಜಿಗಿದು ಬರುತ್ತೇನೆ. ಈಚೆಗೆ ತೆರೆದ ಹೆಲ್ಮೆಟ್ ಬಿಟ್ಟು, ಮುಖವನ್ನು ಪೂರ್ತಿ ಮುಚ್ಚುವ ಫುಲ್‌ಫೇಸ್ ಹೆಲ್ಮೆಟ್ ಕೊಂಡುಕೊಂಡೆ. ಅದರ ಎಡಗಿವಿಯ ಪಕ್ಕದ ಜೇಬಿನಲ್ಲಿ ಆಡಿಬಲ್ ಆಲ್ಟಿಮೀಟರ್ ಕೂರಿಸಿದ್ದೇನೆ. ಗೊತ್ತಿಲ್ಲದವರಿಗಾಗಿ ಹೇಳುವುದಾದರೆ, ಇದು ಗಾಳಿಯ ಒತ್ತಡವನ್ನು ಅಳೆದು ಎತ್ತರವನ್ನು ಲೆಕ್ಕ ಹಾಕಿ, ನಾವು ಮೊದಲೇ ನಿಗದಿ ಮಾಡಿದ ಎತ್ತರ ಬಂದಾಗ ಕಿವಿಯ ಬಳಿ ಬೀಪ್ ಎಂದು ಎಚ್ಚರಿಸುವ, ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟಿರುವ ಸಾಧನ. ನಾನು ಮೊದಲ ಎಚ್ಚರಿಕೆಯನ್ನು 5,500 ಅಡಿಗೆ, ಎರಡನೆಯದನ್ನು 4,500 ಅಡಿಗೆ, ಮೂರನೆಯದನ್ನು 3,000 ಅಡಿಗೆ ಇಟ್ಟಿದ್ದೇನೆ.

ತೊಂದರೆ ಏನೆಂದರೆ, ಮನೆಯ ಜಗಲಿಯಲ್ಲಿ ಕುಳಿತು ಪರೀಕ್ಷಾ ಬೀಪ್ ಒತ್ತಿದರೆ ಅಡುಗೆಮನೆಯಲ್ಲಿರುವವರೂ ಎದ್ದು ಬರುವಷ್ಟು ಜೋರಾಗಿ ಕೇಳಿಸುವ ಅದೇ ಸದ್ದು, ಫ್ರೀಫಾಲ್‌ನಲ್ಲಿ, ಅಂದರೆ ಪ್ಯಾರಾಶೂಟ್ ಬಿಚ್ಚುವ ಮುನ್ನ ಬೀಳುವಾಗ, ಕೆಲವು ಜಿಗಿತಗಳಲ್ಲಿ ಕ್ಷೀಣವಾಗಿ ಕೇಳಿಸುತ್ತದೆ, ಕೆಲವು ಜಿಗಿತಗಳಲ್ಲಿ ಕೇಳಿಸುವುದೇ ಇಲ್ಲ. ಹೆಚ್ಚಾಗಿ ತಪ್ಪಿಹೋಗುವುದು ಎರಡನೆಯ ಎಚ್ಚರಿಕೆ. ಮಣಿಕಟ್ಟಿನ ಆಲ್ಟಿಮೀಟರ್ ನೋಡಿಕೊಂಡೇ ಪ್ಯಾರಾಶೂಟ್ ಬಿಚ್ಚುವುದರಿಂದ ಎತ್ತರದ ವಿಷಯದಲ್ಲಿ ಎಡವಟ್ಟಾಗಿಲ್ಲ. ಆದರೂ ಇರುವ ಸಾಧನ ಕೇಳಿಸದಿದ್ದರೆ ಅದನ್ನು ಹೊತ್ತು ಜಿಗಿಯುವುದರಲ್ಲಿ ಅರ್ಥವೇನು? ಬ್ಯಾಟರಿ ಹೊಸದು. ವಾಲ್ಯೂಮ್ ಗರಿಷ್ಠದಲ್ಲಿದೆ. ಇದು ಸಾಧನದ ದೋಷವೋ, ಹೆಲ್ಮೆಟ್ಟಿನದೋ, ನನ್ನ ಕಿವಿಯದೋ ತಿಳಿಯದಾಗಿದೆ. ಅನುಭವಸ್ಥರು ದಯವಿಟ್ಟು ತಿಳಿಸಬೇಕು.

ಸಕಲೇಶಪುರದ ಬೈಕ್ ಸವಾರ

ಸರ್, ನಾನು ಜಿಗಿದವನಲ್ಲ, ಬೈಕ್ ಓಡಿಸುವವನು. ಒಂದು ಉಪಾಯ ಹೊಳೆಯಿತು. ಅದೇ ಹೆಲ್ಮೆಟ್ ಹಾಕಿಕೊಂಡು ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿ ಇಳಿದು ನೋಡಬಹುದಲ್ಲವೇ? ಎತ್ತರವೂ ಕಡಿಮೆಯಾಗುತ್ತಾ ಹೋಗುತ್ತದೆ, ಗಾಳಿಯ ಸದ್ದೂ ಇರುತ್ತದೆ. ಯಾವ ತಿರುವಿನಲ್ಲಿ ಕೂಗಿತು, ಕೇಳಿಸಿತೋ ಇಲ್ಲವೋ ಎಂಬುದು ನೆಲದ ಮೇಲೆಯೇ ಗೊತ್ತಾಗುತ್ತದೆ.

ಹಾಸನದ ತರಬೇತುದಾರ

ಸವಾರರ ಉತ್ಸಾಹ ಮೆಚ್ಚತಕ್ಕದ್ದೇ, ಆದರೆ ಆ ಪರೀಕ್ಷೆ ನಡೆಯುವುದಿಲ್ಲ. ಫ್ರೀಫಾಲ್ ಎಚ್ಚರಿಕೆಗಳು ಎತ್ತರ ಒಂದನ್ನೇ ನೋಡಿ ಮೊಳಗುವುದಿಲ್ಲ, ಇಳಿಯುವ ವೇಗವನ್ನೂ ನೋಡುತ್ತವೆ. ಹೊಟ್ಟೆ ಕೆಳಗಾಗಿ ಬೀಳುವವನ ವೇಗ ಗಂಟೆಗೆ ಸುಮಾರು 190 ಕಿಲೋಮೀಟರ್ ಇರುತ್ತದೆ. ಘಾಟಿ ಇಳಿಯುವ ಬೈಕ್ ಎಷ್ಟೇ ಜೋರಾಗಿ ಓಡಿದರೂ ನೇರ ಕೆಳಮುಖವಾಗಿ ಇಳಿಯುವ ವೇಗ ಅದರ ಒಂದು ಸಣ್ಣ ಅಂಶ ಮಾತ್ರ. ಹಾಗಾಗಿ ಸಾಧನ ಸುಮ್ಮನೇ ಇರುತ್ತದೆ. ಅಷ್ಟೇ ಅಲ್ಲದೆ, ಇಂಥ ಸಾಧನಗಳು ನೆಲದ ಮಟ್ಟವನ್ನು ತಾವೇ ಸೊನ್ನೆ ಎಂದು ಗುರುತಿಸಿಕೊಳ್ಳುವುದರಿಂದ, ಅವನ್ನು ಮನೆಯಲ್ಲಿ ಚಾಲೂ ಮಾಡಿಕೊಂಡು ಬೆಟ್ಟದ ದಾರಿಯಲ್ಲಿ ಹತ್ತಿಳಿಯುವುದು ಒಳ್ಳೆಯ ಅಭ್ಯಾಸವಲ್ಲ. ಚಿಕ್ಕಮಗಳೂರು ಪಟ್ಟಣವೇ ಸಮುದ್ರಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಜಿಗಿಯುವ ಜಾಗ ತಲುಪಿ ಅಲ್ಲಿಯ ನೆಲದ ಮೇಲೆ ನಿಂತು ಚಾಲೂ ಮಾಡುವುದೇ ಸರಿಯಾದ ಕ್ರಮ.

ಇನ್ನು ಬೆಳೆಗಾರರ ಪ್ರಶ್ನೆ. ನಾನು ಮೊದಲು ನೋಡುವುದು ಸಾಧನ ಕುಳಿತಿರುವ ಬಗೆಯನ್ನು. ಜೇಬಿನಿಂದ ಹೊರತೆಗೆದು, ಸದ್ದು ಹೊರಡುವ ಸಣ್ಣ ರಂಧ್ರ ಯಾವ ಕಡೆ ಇದೆ ನೋಡಿ. ಅದು ಕಿವಿಯ ಕಡೆಗೆ ಮುಖ ಮಾಡಿರಬೇಕು. ಹೆಲ್ಮೆಟ್ಟಿನ ಗಟ್ಟಿ ಚಿಪ್ಪಿನ ಕಡೆಗೆ ತಿರುಗಿದ್ದರೆ ಸದ್ದಿನ ಬಹುಪಾಲು ಅಲ್ಲಿಯೇ ಉಳಿಯುತ್ತದೆ. ಆಮೇಲೆ ಹೆಲ್ಮೆಟ್ ತೊಟ್ಟು, ಬೆರಳನ್ನು ಒಳಗೆ ತೂರಿಸಿ, ಸಾಧನಕ್ಕೂ ಕಿವಿಯ ರಂಧ್ರಕ್ಕೂ ನಡುವೆ ಏನಿದೆ ಎಂದು ಮುಟ್ಟಿ ನೋಡಿ. ಹೊಸ ಫುಲ್‌ಫೇಸ್ ಹೆಲ್ಮೆಟ್‌ಗಳಲ್ಲಿ ಕೆನ್ನೆಯ ಸ್ಪಂಜು ದಪ್ಪವಾಗಿರುತ್ತದೆ, ಕೆಲವರಿಗೆ ಅದು ಸರಿದು ಬಂದು ರಂಧ್ರವನ್ನೇ ಮುಚ್ಚುತ್ತದೆ. ನೆಲದ ಮೇಲಿನ ನಿಶ್ಶಬ್ದದಲ್ಲಿ ಆ ವ್ಯತ್ಯಾಸ ತಿಳಿಯುವುದೇ ಇಲ್ಲ.

ಒಂದು ವಿಷಯವನ್ನು ಒತ್ತಿ ಹೇಳಬೇಕಾಗಿದೆ. 4,500 ಅಡಿಯಲ್ಲಿ ಪೈಲಟ್ ಚ್ಯೂಟ್ (ಮುಖ್ಯ ಪ್ಯಾರಾಶೂಟನ್ನು ಹೊರಗೆಳೆಯುವ ಪುಟ್ಟ ಪ್ಯಾರಾಶೂಟ್) ಎಸೆದವನು 3,000 ಅಡಿಗೆ ಬರುವ ಹೊತ್ತಿಗೆ ಬಿಚ್ಚಿಕೊಂಡ ಪ್ಯಾರಾಶೂಟಿನ ಕೆಳಗೆ ನಿಧಾನವಾಗಿ ತೇಲುತ್ತಿರುತ್ತಾನೆ. ವೇಗ ಇಳಿದಿರುವುದರಿಂದ ಮೂರನೆಯ ಎಚ್ಚರಿಕೆ ಮೊಳಗುವುದಿಲ್ಲ. ಅಂದರೆ ಎಲ್ಲವೂ ಸರಿಯಾಗಿ ನಡೆದ ಜಿಗಿತಗಳಲ್ಲಿ ಮೂರನೆಯ ಸದ್ದನ್ನು ಯಾರೂ ಆಕಾಶದಲ್ಲಿ ಕೇಳಿರುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಆ ಸದ್ದು ತನಗೆ ಕೇಳಿಸುತ್ತದೆಯೋ ಇಲ್ಲವೋ ಎಂಬ ಪ್ರತ್ಯಕ್ಷ ಅನುಭವ ಇಲ್ಲದೆಯೇ ಬಹುತೇಕರು ಜಿಗಿಯುತ್ತಿರುತ್ತಾರೆ. ಆದ್ದರಿಂದ ನಿಮ್ಮ ಎರಡನೆಯ ಬೀಪ್ ತಪ್ಪುತ್ತಿರುವುದನ್ನು ಹಗುರವಾಗಿ ಬಿಡಬೇಡಿ. ಎರಡನೆಯದು ಕೇಳಿಸದ ಕಿವಿಗೆ ಮೂರನೆಯದು ಕೇಳಿಸುತ್ತದೆ ಎಂಬ ಭರವಸೆ ಎಲ್ಲಿಯದು?

ಹಾಸನದ ಎಂಜಿನಿಯರ್

ನಾನು ಹಾಸನದಲ್ಲಿ ಮೆಕ್ಯಾನಿಕಲ್ ಎಂಜಿನಿಯರ್. ಕಂಪನ ಮತ್ತು ಶಬ್ದ ನನ್ನ ಕೆಲಸದ ವಿಷಯ. ಜಿಗಿತದ ಬಗ್ಗೆ ಹೇಳಲಾರೆ, ಸದ್ದಿನ ಬಗ್ಗೆ ಹೇಳಬಲ್ಲೆ.

ಹೆಲ್ಮೆಟ್ಟಿನ ಅಂಚು, ಗಲ್ಲದ ಕೆಳಗಿನ ಸಂದು, ಪಟ್ಟಿಗಳು, ಇವುಗಳ ಸುತ್ತ ಗಾಳಿ ಸುಳಿಯಾಗಿ ಒಡೆಯುವುದರಿಂದ ಹುಟ್ಟುವ ಶಬ್ದದ ಶಕ್ತಿ ವೇಗದ ಸುಮಾರು ಆರನೆಯ ಘಾತದಂತೆ ಏರುತ್ತದೆ. ವೇಗ ಇಮ್ಮಡಿಯಾದರೆ ಹದಿನೈದು ಡೆಸಿಬೆಲ್‌ಗೂ ಮಿಕ್ಕಿ ಹೆಚ್ಚಳ ನಿರೀಕ್ಷಿಸಬಹುದು. ಹೆದ್ದಾರಿಯಲ್ಲಿ ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಬೈಕ್ ಓಡಿಸುವವನ ಹೆಲ್ಮೆಟ್ಟಿನೊಳಗೇ ಗಾಳಿಯ ಸದ್ದು 90 ಡೆಸಿಬೆಲ್ ದಾಟುತ್ತದೆ. ಅದರ ಹೆಚ್ಚುಕಡಿಮೆ ಎರಡರಷ್ಟು ವೇಗದಲ್ಲಿ ಬೀಳುವವನ ಕಿವಿಯ ಸ್ಥಿತಿಯನ್ನು ನೀವೇ ಊಹಿಸಿ. ಜಗಲಿಯ ಮೇಲಿನ ಪರೀಕ್ಷೆ ಏನನ್ನೂ ಹೇಳದಿರುವುದಕ್ಕೆ ಇದೇ ಕಾರಣ.

ಹಾಗಿದ್ದರೂ ಬೀಪ್ ಕೇಳಿಸಲು ಸಾಧ್ಯವಿರುವುದು ಸ್ಥಾಯಿಯ ವ್ಯತ್ಯಾಸದಿಂದ. ಗಾಳಿಯ ಮೊರೆತದ ಶಕ್ತಿಯೆಲ್ಲ ಬಹುಮಟ್ಟಿಗೆ ಕೆಳ ಆವರ್ತನಗಳಲ್ಲಿ ತುಂಬಿರುತ್ತದೆ. ಇಂಥ ಪುಟ್ಟ ಸಾಧನಗಳಲ್ಲಿ ಬಳಸುವ ಪೀಜೋ ಬಝರ್‌ಗಳು (ವಿದ್ಯುತ್ತಿನಿಂದ ಕಂಪಿಸಿ ಸದ್ದು ಮಾಡುವ ಬಿಲ್ಲೆಗಳು) ಸಾಮಾನ್ಯವಾಗಿ 2ರಿಂದ 4 ಕಿಲೋಹರ್ಟ್ಸ್ ಆಸುಪಾಸಿನಲ್ಲಿ ಗಟ್ಟಿಯಾಗಿ ಕೂಗುತ್ತವೆ. ಮಳೆಗಾಲದಲ್ಲಿ ತುಂಬಿ ಹರಿಯುವ ಹೇಮಾವತಿಯ ದಡದಲ್ಲಿ ನಿಂತರೆ ಪಕ್ಕದವನ ಮಾತು ಕೇಳಿಸದಿದ್ದರೂ ಮರದ ಮೇಲಿನ ಜೀರುಂಡೆಯ ಸದ್ದು ಕೇಳಿಸುತ್ತದಲ್ಲ, ಇದೂ ಹಾಗೆಯೇ. ಆದರೆ ಕೆಳಸ್ಥಾಯಿಯ ಸದ್ದು ಬಹಳ ಜೋರಾದಾಗ ಅದು ಕಿವಿಯೊಳಗೆ ಮೇಲಿನ ಸ್ಥಾಯಿಗಳನ್ನೂ ಮುಚ್ಚತೊಡಗುತ್ತದೆ. ಆಗ ವಾಲ್ಯೂಮ್ ಏರಿಸುವುದಕ್ಕಿಂತ ಮೊರೆತವನ್ನು ತಗ್ಗಿಸುವುದು ಹೆಚ್ಚು ಫಲ ಕೊಡುತ್ತದೆ. ಕುತ್ತಿಗೆಯ ಬಳಿ ಹೆಲ್ಮೆಟ್ ಸಡಿಲವಾಗಿದೆಯೇ, ಮುಖದ ಗಾಜು ಪೂರ್ತಿ ಮುಚ್ಚಿಕೊಳ್ಳುತ್ತಿದೆಯೇ ಎಂಬುದನ್ನು ನೋಡಿ. ದೂರವೂ ಮುಖ್ಯ. ತೆರೆದ ಜಾಗದಲ್ಲಿ ಮೂಲದಿಂದ ದೂರ ಇಮ್ಮಡಿಯಾದರೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. ಹೆಲ್ಮೆಟ್ಟಿನೊಳಗೆ ಲೆಕ್ಕ ಅಷ್ಟು ಕರಾರುವಾಕ್ಕಾಗಿ ಬರುವುದಿಲ್ಲವಾದರೂ, ಕಿವಿಗೆ ಎರಡು ಬೆರಳಿನಷ್ಟು ದೂರ ಇದ್ದುದನ್ನು ಒಂದು ಬೆರಳಿನ ದೂರಕ್ಕೆ ತಂದರೆ ವ್ಯತ್ಯಾಸ ಖಂಡಿತ ತಿಳಿಯುತ್ತದೆ. ಎತ್ತರದ ಸ್ಥಾಯಿಯನ್ನು ಸ್ಪಂಜು ಸುಲಭವಾಗಿ ಹೀರಿಕೊಳ್ಳುತ್ತದೆ ಎಂಬುದರಿಂದ ತರಬೇತುದಾರರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ.

ಅರಸೀಕೆರೆಯ ನಿವೃತ್ತ ವಾಯುಯೋಧ

ನಾನು ಸೇವೆಯಲ್ಲಿದ್ದಾಗ ಆಗ್ರಾದ ಪ್ಯಾರಾಟ್ರೂಪರ್ಸ್ ಟ್ರೈನಿಂಗ್ ಸ್ಕೂಲಿನಲ್ಲಿ ಜಿಗಿತ ಕಲಿತವನು. ವಾಯುಪಡೆಯ ಸ್ಕೈಡೈವಿಂಗ್ ಪ್ರದರ್ಶನ ತಂಡ ‘ಆಕಾಶ್ ಗಂಗಾ’ 1987ರಲ್ಲಿ ಹುಟ್ಟಿದ ಕಾಲವನ್ನು ಕಂಡಿದ್ದೇನೆ. ನಮಗೆ ಕಿವಿಯ ಬಳಿ ಕೂಗುವ ಯಂತ್ರ ಇರಲಿಲ್ಲ. ಕೈಗೆ ಕಟ್ಟಿದ ಎತ್ತರಮಾಪಕ, ಬಾಯಲ್ಲಿ ಎಣಿಕೆ, ಕಣ್ಣೆದುರಿನ ದಿಗಂತ, ಇಷ್ಟೇ. ಜಿಗಿದ ಮೇಲೆ ಮೊದಲ ಸಾವಿರ ಅಡಿಗೆ ಸುಮಾರು ಹತ್ತು ಸೆಕೆಂಡ್, ಆಮೇಲೆ ಪ್ರತಿ ಸಾವಿರ ಅಡಿಗೆ ಐದೂವರೆ ಸೆಕೆಂಡ್ ಎಂಬ ಲೆಕ್ಕ ನಮ್ಮ ರಕ್ತದಲ್ಲಿ ಸೇರಿಹೋಗಿತ್ತು. 13,000 ಅಡಿಯಿಂದ ಹೊರಟವನಿಗೆ 5,000 ಅಡಿ ಮುಟ್ಟಲು ಐವತ್ತು ಸೆಕೆಂಡಿಗೆ ಸ್ವಲ್ಪ ಕಡಿಮೆ. ಆ ಅವಧಿಯನ್ನು ಮೈಯೇ ಅರಿಯಬೇಕು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಸದ್ದು ಬರುತ್ತದೆ ಎಂದು ಕಾಯುವ ಜಿಗಿತಗಾರ ಎತ್ತರ ನೋಡುವುದನ್ನು ಕ್ರಮೇಣ ಕಡಿಮೆ ಮಾಡುತ್ತಾನೆ. ಬೆಳೆಗಾರರು ಆ ಯಂತ್ರವನ್ನು ಕೆಲವು ಕಾಲ ತೆಗೆದಿಟ್ಟು ಜಿಗಿಯುವುದು ಒಳಿತು.

ಹಾಸನದ ತರಬೇತುದಾರ

ಸರ್, ನಿಮ್ಮ ಅನುಭವಕ್ಕೆ ನಮಸ್ಕರಿಸುತ್ತೇನೆ. ಎಣಿಕೆಯ ವಿಷಯದಲ್ಲಿ ಮತ್ತು ಕಣ್ಣಿನ ವಿಷಯದಲ್ಲಿ ನಿಮ್ಮ ಮಾತಿಗೆ ಎರಡು ಮಾತಿಲ್ಲ. ಹೊಸಬರಿಗೆ ನಾನು ಆಡಿಬಲ್ ಇಲ್ಲದೆಯೇ ಎತ್ತರದ ಅರಿವು ಕಲಿಸುತ್ತೇನೆ. ಆದರೆ ತೆಗೆದಿಡಬೇಕು ಎಂಬುದನ್ನು ಒಪ್ಪಲಾರೆ. ಹಲವರು ಕೂಡಿ ಆಕಾಶದಲ್ಲಿ ಒಂದು ಆಕೃತಿ ಕಟ್ಟುವಾಗ ಪ್ರತಿಯೊಬ್ಬನ ಕಣ್ಣೂ ಎದುರಿನವನ ಮೇಲೆ ನೆಟ್ಟಿರುತ್ತದೆ. ಮಣಿಕಟ್ಟು ನೋಡುವುದನ್ನು ಐದಾರು ಸೆಕೆಂಡ್ ಮರೆತರೂ ಸಾವಿರ ಅಡಿ ಕಳೆದಿರುತ್ತದೆ. ಕಣ್ಣು ಬೇರೆ ಕೆಲಸದಲ್ಲಿದ್ದಾಗ ಕಿವಿ ಕಾವಲು ಕಾಯುವುದು ತಪ್ಪಲ್ಲ.

ಎರಡನೆಯ ಬೀಪ್ ಮಾತ್ರ ಹೆಚ್ಚಾಗಿ ತಪ್ಪುತ್ತಿರುವುದಕ್ಕೆ ಇನ್ನೊಂದು ಕಾರಣವೂ ಇರಬಹುದು. ಮೊದಲ ಎಚ್ಚರಿಕೆ ಬಂದಾಗ ನೀವು ಗುಂಪಿನಿಂದ ತಿರುಗಿ ದೂರ ಸರಿಯಲು ಶುರುಮಾಡುತ್ತೀರಿ. ಮುಂದಿನ ಐದಾರು ಸೆಕೆಂಡುಗಳಲ್ಲಿ ದಿಕ್ಕು ಹಿಡಿಯಬೇಕು, ಮೈಯನ್ನು ಚಪ್ಪಟೆಯಾಗಿ ಚಾಚಬೇಕು, ಸುತ್ತ ಯಾರಿದ್ದಾರೆಂದು ನೋಡಬೇಕು, ಕೈಬೀಸಿ ಸೂಚನೆ ಕೊಡಬೇಕು, ಪೈಲಟ್ ಚ್ಯೂಟಿನ ಹಿಡಿಕೆಗೆ ಕೈ ಹಾಕಬೇಕು. ಇಡೀ ಜಿಗಿತದಲ್ಲಿ ಮನಸ್ಸಿಗೆ ಅತಿ ಹೆಚ್ಚು ಕೆಲಸವಿರುವ ಹೊತ್ತು ಅದೇ, ಎರಡನೆಯ ಬೀಪ್ ಮೊಳಗುವುದೂ ಆಗಲೇ. ಕಣ್ಣು ಮತ್ತು ಮನಸ್ಸು ಕಠಿಣ ಕೆಲಸದಲ್ಲಿ ಮುಳುಗಿದ್ದಾಗ ಕಿವಿಗೆ ಬಿದ್ದ ಸದ್ದು ಅರಿವಿಗೆ ಬಾರದೆ ಹೋಗುವುದು ಚೆನ್ನಾಗಿ ತಿಳಿದಿರುವ ಸಂಗತಿ. ಚಕ್ರ ಇಳಿಸಿಲ್ಲ ಎಂದು ಕಾಕ್‌ಪಿಟ್ಟಿನಲ್ಲಿ ಹಾರ್ನ್ ಮೊಳಗುತ್ತಿದ್ದರೂ ಅದನ್ನು ಗಮನಿಸದೆ ವಿಮಾನವನ್ನು ಹೊಟ್ಟೆಯ ಮೇಲೆ ಇಳಿಸಿದ ಪೈಲಟ್‌ಗಳಿದ್ದಾರೆ. ಅವರ ಕಿವಿ ಕೆಟ್ಟಿರಲಿಲ್ಲ.

ಇದನ್ನು ಬೇರ್ಪಡಿಸಿ ತಿಳಿಯಲು ಒಂದು ದಾರಿಯಿದೆ. ಒಬ್ಬರೇ ಜಿಗಿಯುವ, ಯಾವ ಕಸರತ್ತೂ ಇಲ್ಲದ ಒಂದು ಜಿಗಿತದಲ್ಲಿ ಕೈಯ ಆಲ್ಟಿಮೀಟರ್ ನೋಡುತ್ತಾ ಎರಡೂ ಬೀಪ್‌ಗಳಿಗೆ ಕಿವಿಗೊಡಿ. ಆಗಲೂ ಕ್ಷೀಣವಾಗಿದ್ದರೆ ತೊಂದರೆ ಸದ್ದಿನದು ಅಥವಾ ಕಿವಿಯದು. ಆಗ ಸ್ಪಷ್ಟವಾಗಿ ಕೇಳಿಸಿದರೆ ತೊಂದರೆ ಗಮನದ್ದು.

ಬೇಲೂರಿನ ಜಿಗಿತಗಾರ್ತಿ

ನಾನು ಕಂಡ ಎರಡು ಸಣ್ಣ ಸಂಗತಿಗಳನ್ನು ಸೇರಿಸುತ್ತೇನೆ. ನನ್ನ ಕೂದಲು ಉದ್ದ. ಜಡೆಯನ್ನು ಹೆಲ್ಮೆಟ್ಟಿನೊಳಗೆ ಸೇರಿಸುವಾಗ ಅದರ ಸುರುಳಿ ಕಿವಿಯ ಮೇಲೆ ಬಂದು ಕುಳಿತರೆ ಬೀಪ್ ಅರ್ಧಕ್ಕರ್ಧ ಇಳಿದುಹೋಗುತ್ತದೆ. ಹಾಗಾಗಿ ಜಡೆಯನ್ನು ಕುತ್ತಿಗೆಯ ಹಿಂದೆ ಅಂಗಿಯೊಳಗೆ ಇಳಿಬಿಡುತ್ತೇನೆ. ತಲೆಗೆ ಬಟ್ಟೆಯ ಟೋಪಿ ಹಾಕಿ ಅದರ ಮೇಲೆ ಹೆಲ್ಮೆಟ್ ತೊಡುವವರೂ ಇದನ್ನು ಗಮನಿಸಬೇಕು. ಎರಡನೆಯದು ನೆಗಡಿ. ಮೂಗು ಕಟ್ಟಿದ್ದಾಗ ಫ್ರೀಫಾಲ್‌ನಲ್ಲಿ ಕಿವಿಯ ಒಳಗಿನ ಒತ್ತಡ ಹೊರಗಿನದಕ್ಕೆ ಹೊಂದಿಕೊಳ್ಳುವುದಿಲ್ಲ, ಕಿವಿ ಗುಂಯ್ ಎಂದು ಮುಚ್ಚಿಕೊಂಡು ಎಲ್ಲ ಸದ್ದೂ ದೂರದಿಂದ ಬಂದಂತಾಗುತ್ತದೆ. ಅಂಥ ದಿನ ಜಿಗಿಯದಿರುವುದೇ ಲೇಸು, ಕಿವಿಯ ತಮಟೆಗೂ ಅಪಾಯ.

ಹಾಸನದ ಶ್ರವಣತಜ್ಞೆ

ಚರ್ಚೆಯನ್ನು ಮೊದಲಿನಿಂದ ಓದಿದೆ. ಬೆಳೆಗಾರರಿಗೆ ನನ್ನದು ಮೂರು ಪ್ರಶ್ನೆ. ತೋಟದಲ್ಲಿ ಕಳೆ ಕೊಚ್ಚುವ ಯಂತ್ರವನ್ನೋ ಮರ ಕೊಯ್ಯುವ ಯಂತ್ರವನ್ನೋ ನೀವೇ ಹಿಡಿದು ಕೆಲಸ ಮಾಡುತ್ತೀರಾ? ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಕೋವಿ ಮನೆಯಲ್ಲಿದೆಯೇ? ಇದ್ದರೆ ಬಲಭುಜಕ್ಕೆ ಆನಿಸಿ ಹಾರಿಸುವವರೇ?

ಕೇಳುವುದಕ್ಕೆ ಕಾರಣವಿದೆ. ಜೋರು ಸದ್ದಿನಿಂದಾಗುವ ಶ್ರವಣಹಾನಿ ಎಲ್ಲ ಸ್ಥಾಯಿಗಳನ್ನೂ ಒಂದೇ ಸಮನೆ ತಿನ್ನುವುದಿಲ್ಲ. ಅದು ಮೊದಲು ಹೊಡೆಯುವುದು 3ರಿಂದ 6 ಕಿಲೋಹರ್ಟ್ಸ್ ನಡುವಿನ ಭಾಗವನ್ನು, ಅದರಲ್ಲಿಯೂ 4 ಕಿಲೋಹರ್ಟ್ಸ್ ಆಸುಪಾಸನ್ನು. ಆಡಿಯೋಗ್ರಾಂ (ಯಾವ ಸ್ಥಾಯಿ ಎಷ್ಟು ಕೇಳಿಸುತ್ತದೆ ಎಂದು ತೋರಿಸುವ ನಕ್ಷೆ) ತೆಗೆದರೆ ಅಲ್ಲಿ ಒಂದು ಗುಳಿ ಬಿದ್ದಂತೆ ಕಾಣುತ್ತದೆ. ಮಾತಿನ ಶಕ್ತಿಯ ಹೆಚ್ಚು ಭಾಗ ಅದಕ್ಕಿಂತ ಕೆಳಗಿನ ಸ್ಥಾಯಿಯಲ್ಲಿರುವುದರಿಂದ ಮನೆಯವರ ಮಾತು, ಫೋನು, ರೇಡಿಯೋ ಎಲ್ಲವೂ ಚೆನ್ನಾಗಿಯೇ ಕೇಳಿಸುತ್ತಿರುತ್ತವೆ. ತನ್ನ ಕಿವಿಗೆ ಏನೋ ಆಗಿದೆ ಎಂದು ಆ ವ್ಯಕ್ತಿಗೆ ವರ್ಷಗಟ್ಟಲೆ ತಿಳಿಯುವುದಿಲ್ಲ. ಎಂಜಿನಿಯರ್ ಅವರು ಬರೆದಂತೆ ಬಝರ್ ಕೂಗುವುದು 2ರಿಂದ 4 ಕಿಲೋಹರ್ಟ್ಸ್‌ನಲ್ಲಾದರೆ, ಗಾಳಿಯ ಮೊರೆತವನ್ನು ದಾಟಿ ಬರಲೆಂದೇ ಆರಿಸಿದ ಸ್ಥಾಯಿಯನ್ನು ಸದ್ದಿನಿಂದ ಪೆಟ್ಟು ತಿಂದ ಕಿವಿ ಎಲ್ಲಕ್ಕಿಂತ ಮೊದಲು ಕಳೆದುಕೊಂಡಿರುತ್ತದೆ. ನನಗೆ ಇಡೀ ಚರ್ಚೆಯಲ್ಲಿ ಅತ್ಯಂತ ಕಳವಳ ತರುವ ಸಂಗತಿ ಇದು.

ಕಳೆ ಕೊಚ್ಚುವ ಯಂತ್ರದ ಸದ್ದು ಹಿಡಿದವನ ಕಿವಿಯ ಬಳಿ 95 ಡೆಸಿಬೆಲ್ ಮೀರಬಹುದು, ಮರ ಕೊಯ್ಯುವ ಯಂತ್ರದ್ದು 105 ದಾಟಬಹುದು. ದಿನಕ್ಕೆ ಎಂಟು ಗಂಟೆಗೆ 85 ಡೆಸಿಬೆಲ್ ಎಂಬ ಎಚ್ಚರಿಕೆಯ ಮಿತಿಯನ್ನು ಅನುಸರಿಸಿದರೆ, 100 ಡೆಸಿಬೆಲ್‌ನಲ್ಲಿ ರಕ್ಷಣೆಯಿಲ್ಲದೆ ಇರಬಹುದಾದ ಸಮಯ ಹದಿನೈದೇ ನಿಮಿಷ. ನಮ್ಮ ತೋಟಗಳಲ್ಲಿ ಇಡೀ ದಿನ ಬರಿಗಿವಿಯಲ್ಲಿ ಈ ಯಂತ್ರ ಹಿಡಿಯುವ ಕಾರ್ಮಿಕರನ್ನು ನೋಡುವಾಗ ಹೊಟ್ಟೆ ತಳಮಳಿಸುತ್ತದೆ. ಅವರಲ್ಲಿ ಯಾರೂ ಆಕಾಶದಿಂದ ಜಿಗಿಯುವವರಲ್ಲ, ಅವರಿಗೆ ಇದನ್ನು ಹೇಳುವವರೂ ಕಡಿಮೆ. ಕೋವಿಯ ವಿಷಯ ಕೇಳಿದ್ದೇಕೆಂದರೆ, ಬಲಭುಜದಿಂದ ಹಾರಿಸುವವರ ಎಡಗಿವಿ ನಳಿಗೆಯ ಬಾಯಿಗೆ ಹತ್ತಿರವಿರುತ್ತದೆ, ಬಲಗಿವಿಗೆ ತಲೆಯೇ ಮರೆಯಾಗುತ್ತದೆ. ಹಾಗಾಗಿ ಅಂಥವರಲ್ಲಿ ಎಡಗಿವಿಯ ಹಾನಿ ಹೆಚ್ಚು. ನಿಮ್ಮ ಆಡಿಬಲ್ ಇರುವುದೂ ಎಡಗಿವಿಯ ಬಳಿ.

ಮೊಬೈಲ್ ಆ್ಯಪ್ ನಂಬಬೇಡಿ. ಶಬ್ದರಹಿತ ಕೋಣೆಯಲ್ಲಿ ಆಡಿಯೋಮೀಟರ್‌ನಿಂದ ಮಾಡುವ ಪರೀಕ್ಷೆಯೇ ಬೇಕು. ಹಾಸನದಲ್ಲಿಯೂ ಆಗುತ್ತದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆಗೆ ಹೋದರೆ ಇನ್ನೂ ವಿವರವಾಗಿ ನೋಡುತ್ತಾರೆ. ಪರೀಕ್ಷೆಯ ಹಿಂದಿನ ದಿನ ಯಂತ್ರದ ಸದ್ದಿನಿಂದ ದೂರವಿರಿ.

ಮೂಡಿಗೆರೆಯ ಬೆಳೆಗಾರ

ಮೇಡಂ, ನಿಮ್ಮ ಮೂರೂ ಪ್ರಶ್ನೆಗಳಿಗೆ ಉತ್ತರ ಹೌದು. ಮೈಸೂರಿಗೆ ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದೆ. ಬಲಗಿವಿಯಲ್ಲಿ 4 ಕಿಲೋಹರ್ಟ್ಸ್‌ನ ಮಿತಿ (ಕೇಳಿಸಲು ಬೇಕಾಗುವ ಕನಿಷ್ಠ ಸದ್ದು) 25 ಡೆಸಿಬೆಲ್, ಎಡಗಿವಿಯಲ್ಲಿ 50. ಕೆಳಗಿನ ಸ್ಥಾಯಿಗಳೆಲ್ಲ ಎರಡರಲ್ಲಿಯೂ ಸರಿಯಾಗಿವೆ. 8 ಕಿಲೋಹರ್ಟ್ಸ್‌ನಲ್ಲಿ ಎಡಗಿವಿಯ ಗೆರೆ ಮತ್ತೆ ಸ್ವಲ್ಪ ಮೇಲೆ ಬರುತ್ತದೆ. ನೀವು ಹೇಳಿದ ಗುಳಿ ಕಾಗದದ ಮೇಲೆ ಅಚ್ಚುಕಟ್ಟಾಗಿ ಕಾಣಿಸುತ್ತಿದೆ. ಕಳೆದುಹೋದದ್ದು ಮರಳಿ ಬರುವುದಿಲ್ಲ, ಇರುವುದನ್ನು ಕಾಪಾಡಿಕೊಳ್ಳಿ ಎಂದು ಅಲ್ಲಿಯವರು ತಿಳಿಸಿದರು.

ಹೆಲ್ಮೆಟ್ಟನ್ನೂ ಬಿಚ್ಚಿ ನೋಡಿದೆ. ರಂಧ್ರ ಕಿವಿಯ ಕಡೆಗೇ ಇತ್ತು, ಆದರೆ ಕೆನ್ನೆಯ ಸ್ಪಂಜಿನ ಅಂಚು ಅದರ ಮೇಲೆ ಮಡಚಿಕೊಂಡಿತ್ತು. ಈಗ ಸಾಧನವನ್ನು ಬಲಗಡೆಯ ಜೇಬಿಗೆ ಬದಲಾಯಿಸಿ, ಸ್ಪಂಜನ್ನು ಹಿಂದಕ್ಕೆ ಸರಿಸಿ ಅಂಟಿಸಿದ್ದೇನೆ. ನಾರ್ನೌಲ್‌ನಲ್ಲಿ ತರಬೇತುದಾರರು ಹೇಳಿದ ಹಾಗೆ ಒಂಟಿಯಾಗಿ, ಯಾವ ಕಸರತ್ತೂ ಇಲ್ಲದೆ ಜಿಗಿದಾಗ ಎರಡೂ ಬೀಪ್ ಸ್ಪಷ್ಟವಾಗಿ ಕೇಳಿಸಿದವು. ಗೆಳೆಯರೊಡನೆ ಗುಂಪಾಗಿ ಜಿಗಿದಾಗ ಮೊದಲನೆಯದು ಚೆನ್ನಾಗಿ ಕೇಳಿಸಿತು. ಎರಡನೆಯದು ಕೇಳಿಸಿತೋ ಇಲ್ಲವೋ ಎಂದು ಇಳಿದ ಮೇಲೆ ಯಾರಾದರೂ ಕೇಳಿದರೆ ಖಚಿತವಾಗಿ ಹೇಳಲಾಗಲಿಲ್ಲ. ಅಂದರೆ ಕಿವಿಯ ಪಾಲು ಇದ್ದುದು ನಿಜ, ಗಮನದ ಪಾಲು ಇನ್ನೂ ಉಳಿದಿದೆ.

ತೋಟದ ಎಲ್ಲ ಕಾರ್ಮಿಕರಿಗೂ ಕಿವಿ ಮುಚ್ಚುವ ಇಯರ್‌ಮಫ್ ತರಿಸಿದ್ದೇನೆ. ನನ್ನ ಇನ್ನೊಂದು ಪ್ರಶ್ನೆ: ಜಿಗಿಯುವಾಗ ನಾನು ಇಯರ್‌ಪ್ಲಗ್ ಹಾಕಿಕೊಳ್ಳಬಹುದೇ? ಹಾಕಿದರೆ ಬೀಪ್ ಇನ್ನಷ್ಟು ಕ್ಷೀಣಿಸುವುದಿಲ್ಲವೇ?

ಹಾಸನದ ಶ್ರವಣತಜ್ಞೆ

ಕಾರ್ಮಿಕರ ವಿಷಯ ಓದಿ ಬಹಳ ಸಂತೋಷವಾಯಿತು.

ಪ್ಲಗ್ ಗಾಳಿಯ ಸದ್ದನ್ನೂ ಬೀಪನ್ನೂ ಎರಡನ್ನೂ ತಗ್ಗಿಸುತ್ತದೆ. ಎರಡೂ ಒಂದೇ ಪ್ರಮಾಣದಲ್ಲಿ ತಗ್ಗಿದರೆ ಅವುಗಳ ನಡುವಿನ ಅಂತರ ಉಳಿಯುತ್ತದೆ, ಅತಿ ಗದ್ದಲದಲ್ಲಿ ಆರೋಗ್ಯವಂತ ಕಿವಿಗೆ ಬೀಪ್ ಸ್ಪಷ್ಟವಾಗಿಯೇ ತೋರಬಹುದು. ಆದರೆ ಸಾಧಾರಣ ಫೋಮ್ ಪ್ಲಗ್‌ಗಳು ಎತ್ತರದ ಸ್ಥಾಯಿಯನ್ನು ಹೆಚ್ಚು ತಡೆಯುತ್ತವೆ. 4 ಕಿಲೋಹರ್ಟ್ಸ್‌ನಲ್ಲಿ ಆಗಲೇ ಹಾನಿಯಾಗಿರುವ ನಿಮ್ಮ ಎಡಗಿವಿಗೆ ಅದರಿಂದ ಕೇಳಿಸುವುದು ಮತ್ತೂ ಕುಗ್ಗುತ್ತದೆ. ಜೊತೆಗೆ ಕಿವಿಯ ಕೊಳವೆಯನ್ನು ಗಾಳಿಯಾಡದಂತೆ ಮುಚ್ಚಿ ಅಷ್ಟು ವೇಗವಾಗಿ ಇಳಿಯುವುದು ಒತ್ತಡದ ದೃಷ್ಟಿಯಿಂದ ಸರಿಯಲ್ಲ. ವಿಮಾನ ಮೇಲೇರುವಾಗ ಎಂಜಿನ್ನಿನ ಸದ್ದಿಗೆ ಪ್ಲಗ್ ಹಾಕಿಕೊಳ್ಳಿ, ಅದರಿಂದ ಜಿಗಿಯುವ ಹೊತ್ತಿಗೆ ಕಿವಿ ದಣಿದಿರುವುದಿಲ್ಲ. ಬಾಗಿಲು ತೆರೆಯುವ ಮೊದಲು ತೆಗೆದಿಡಿ. ಜಿಗಿತದಲ್ಲಿಯೂ ಬೇಕೆನಿಸಿದರೆ, ಎಲ್ಲ ಸ್ಥಾಯಿಗಳನ್ನೂ ಸಮನಾಗಿ ತಗ್ಗಿಸುವ, ಗಾಳಿ ಹೋಗಲು ಸಣ್ಣ ದಾರಿಯಿರುವ ಪ್ಲಗ್ ಆರಿಸಿ. ವರ್ಷಕ್ಕೊಮ್ಮೆ ಆಡಿಯೋಗ್ರಾಂ ಮಾಡಿಸಿ.

ಹಾಸನದ ತರಬೇತುದಾರ

ಗಮನದ ಪಾಲಿಗೆ ನನ್ನ ಸಲಹೆ ಹೀಗಿದೆ. ಮೊದಲ ಬೀಪ್ ಕೇಳಿದೊಡನೆ ತಿರುಗಿ, ದೂರ ಸರಿಯುತ್ತಾ ಐದರವರೆಗೆ ಎಣಿಸಿ, ಮಣಿಕಟ್ಟು ನೋಡಿ, ಕೈಬೀಸಿ, ಬಿಚ್ಚಿ. ಎರಡನೆಯ ಬೀಪ್ ಬರಲಿ, ಬಾರದಿರಲಿ, ಈ ಕ್ರಮ ಬದಲಾಗಬಾರದು. ನಾರ್ನೌಲ್‌ಗೆ ಹೊರಡುವ ಮುನ್ನ ಮನೆಯ ನೆಲದ ಮೇಲೆ ಬೋರಲು ಮಲಗಿ ಇದನ್ನು ಮತ್ತೆ ಮತ್ತೆ ಮಾಡಿ. ಹಲವು ಮಾದರಿಗಳಲ್ಲಿ ಮೂರನೆಯ ಎಚ್ಚರಿಕೆ ಬಿಡದೆ ಕೂಗುವ ಸೈರನ್‌ನಂತೆ ಬೇರೆಯಾಗಿಯೇ ಇರುತ್ತದೆ. ಅದನ್ನು ನೆಲದ ಮೇಲೆ ಆಗಾಗ ಹಾಕಿ ಕೇಳಿ, ಕೇಳಿದೊಡನೆ ಕೈ ತಾನಾಗಿ ಹಿಡಿಕೆಗೆ ಹೋಗುವಂತೆ ಅಭ್ಯಾಸ ಮಾಡಿಕೊಳ್ಳಿ. 3,000 ಅಡಿಯಲ್ಲಿ ಪೂರ್ಣ ವೇಗದಲ್ಲಿರುವವನಿಗೆ ನೆಲ ಹದಿನೇಳು ಸೆಕೆಂಡಿನಷ್ಟು ದೂರ. 1991ರಲ್ಲಿ ಬಂದ ಸೈಪ್ರೆಸ್‌ನಂಥ ಸ್ವಯಂಚಾಲಿತ ಸಾಧನ ಮೀಸಲು ಪ್ಯಾರಾಶೂಟನ್ನು ಬಿಚ್ಚುವುದು ಸುಮಾರು 750 ಅಡಿಯಲ್ಲಿ, ಅದನ್ನು ಲೆಕ್ಕಕ್ಕೆ ಇಟ್ಟುಕೊಂಡು ಯಾರೂ ಜಿಗಿಯಬಾರದು.

ಬಟನ್ ಸೆಲ್ ಬಗ್ಗೆಯೂ ಹೇಳಿಬಿಡುತ್ತೇನೆ. ಪ್ರತಿ ಸಾವಿರ ಅಡಿಗೆ ಸುಮಾರು ಎರಡು ಡಿಗ್ರಿ ತಂಪು ಹೆಚ್ಚುವುದರಿಂದ 13,000 ಅಡಿಯಲ್ಲಿ ಚಳಿಗಾಲದ ದಿನ ಸೊನ್ನೆಗಿಂತಲೂ ಕೆಳಗಿರುತ್ತದೆ. ಬಳಸಿ ಸೋತ ಸೆಲ್ ಅಲ್ಲಿ ಇನ್ನೂ ಸೋಲುತ್ತದೆ. ಹೊಸ ಜಿಗಿತದ ಕಾಲ ಶುರುವಾದಾಗಲೆಲ್ಲ ಸೆಲ್ ಬದಲಾಯಿಸಿ, ಹಳೆಯದರಲ್ಲಿ ಜೀವ ಉಳಿದಿದ್ದರೂ ಸರಿಯೇ.